ಮುನಿಸಿನ ವಾಲ್ವು

ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದು ಬಾಗಿಲು ತಟ್ಟಿದ ಇಬ್ಬರೂ ಮೊಣಕಾಲಿನವರೆಗೆ ಒದ್ದೆಯಾಗಿದ್ದರು. ಒಬ್ಬರು ನೀರು ಸರಬರಾಜು ಇಲಾಖೆಯ ಮೇಸ್ತ್ರಿ; ಅವರನ್ನು ಅಜ್ಜಿ ಮೂವತ್ತು ವರ್ಷಗಳಿಂದ ಬಲ್ಲರು. ಜೊತೆಗಿದ್ದವಳು ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಹುಡುಗಿ. ಪ್ಯಾಂಟಿನ ಕಾಲು ಮಡಚಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದಪ್ಪನೆಯ ರಿಜಿಸ್ಟರೊಂದನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದಳು.

"ಇವರು ನಮ್ಮ ಹೊಸ ಎಂಜಿನಿಯರು, ಅಮ್ಮಾ," ಎಂದರು ಮೇಸ್ತ್ರಿ. "ಒಳಗೆ ಬರೋಲ್ಲ, ನೆಲ ಕೆಸರಾಗುತ್ತೆ. ಇಲ್ಲೇ ನಿಂತು ಒಂದು ಮಾತು ಕೇಳಿಕೊಂಡು ಹೋಗ್ತೀವಿ."

"ಕೆಸರಿಗೆ ಹೆದರೋ ಮನೆಯಾ ಇದು? ಐವತ್ತಾರು ವರ್ಷ ಕೆಸರು ಕಾಲಿನವರ ಜೊತೆಗೇ ಸಂಸಾರ ಮಾಡಿದೀನಿ. ಬನ್ನಿ ಒಳಗೆ."

ಅಜ್ಜಿ ಹಾಗೆ ಅಂದದ್ದು ಅಭ್ಯಾಸಬಲದಿಂದ. ಅಂದ ಮೇಲೆ, ಆ ಕೆಸರು ಕಾಲಿನವರು ಈಗಿಲ್ಲ ಎನ್ನುವುದು ನೆನಪಾಯಿತು. ಅಜ್ಜ ತೀರಿಕೊಂಡು ಆಗ ಮೂರು ತಿಂಗಳು. ಎಂಬತ್ತೊಂದು ವರ್ಷ ಬದುಕಿದ ಮನುಷ್ಯ, ಒಂದು ದಿನವೂ ಹಾಸಿಗೆ ಹಿಡಿದವರಲ್ಲ. ಮಧ್ಯಾಹ್ನ ಊಟ ಮಾಡಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. "ಚಹಾ ಆರ್ತಾ ಇದೆ, ನೋಡಿ," ಎಂದು ಅಜ್ಜಿ ಒಳಗಿನಿಂದ ಎರಡು ಸಲ ಹೇಳಿದರು. ಮೂರನೇ ಸಲ ಬೈಯಲೆಂದೇ ಹೊರಗೆ ಬಂದರು. ಬೈಯುವ ಅವಕಾಶ ಸಿಗಲಿಲ್ಲ.

ಅಜ್ಜ ಮೂವತ್ತೈದು ವರ್ಷ ಊರಿನ ನೀರು ಬಿಟ್ಟವರು. ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಹೋಗಬೇಕು, ಯಾವ ಪೈಪು ಯಾವ ಮನೆಯ ಅಡಿಯಲ್ಲಿ ತಿರುಗುತ್ತದೆ, ಯಾವ ವಾಲ್ವು ಎಷ್ಟು ಸುತ್ತಿಗೆ ಮುಚ್ಚುತ್ತದೆ, ಎಲ್ಲ ಅವರ ತಲೆಯಲ್ಲಿತ್ತು. ತಲೆಯಲ್ಲಿ ಮಾತ್ರ ಇತ್ತು. ಅಕ್ಷರ ಎಂದರೆ ಅವರಿಗೆ ಆಗಿಬರುತ್ತಿರಲಿಲ್ಲ; ಸಹಿ ಹಾಕುವಾಗಲೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಮಕ್ಕಳು ಅವರನ್ನು 'ನಲ್ಲಿ ಮಾಮ' ಎಂದು ಕರೆದರು. ಆ ಮಕ್ಕಳಿಗೆ ಮಕ್ಕಳಾದವು, ಅವೂ ನಲ್ಲಿ ಮಾಮ ಎಂದೇ ಕರೆದವು. ಎಂಬತ್ತು ದಾಟಿದರೂ ಅವರಿಗೆ ಮಾಮನಿಂದ ಅಜ್ಜನ ಪಟ್ಟಕ್ಕೆ ಬಡ್ತಿ ಸಿಕ್ಕಿದ್ದು ಮನೆಯೊಳಗೆ ಮಾತ್ರ.

ಮೇಸ್ತ್ರಿ ಚಹಾದ ಲೋಟ ಕೈಯಲ್ಲಿ ಹಿಡಿದು ವಿಷಯಕ್ಕೆ ಬಂದರು. ಆಸ್ಪತ್ರೆಯ ನಾಲ್ಕು ರಸ್ತೆಯಲ್ಲಿ ದೊಡ್ಡ ಪೈಪು ಒಡೆದಿತ್ತು. ಅಜ್ಜನ ಕಾಲದ್ದು, ಬೀಡು ಕಬ್ಬಿಣದ್ದು. ರಸ್ತೆಯೇ ಉಬ್ಬಿ, ಸೀಳಿ, ನೀರು ಆಳೆತ್ತರ ಚಿಮ್ಮುತ್ತಿತ್ತು. ಅಂಗಡಿಗಳೊಳಗೆ ನೀರು ನುಗ್ಗಿತ್ತು. ಟ್ಯಾಂಕಿನ ಬುಡದಲ್ಲೇ ನೀರು ನಿಲ್ಲಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಆಸ್ಪತ್ರೆಗೂ ನೀರು ನಿಂತುಹೋಗುತ್ತದೆ. ಅವರ ತೊಟ್ಟಿಯಲ್ಲಿರುವುದು ಮಧ್ಯಾಹ್ನದವರೆಗೆ ಸಾಕಾದರೆ ಹೆಚ್ಚು. ಒಡೆದ ತುಂಡನ್ನಷ್ಟೇ ಬೇರೆ ಮಾಡಲು ನಡುವೆ ಒಂದು ವಾಲ್ವು ಇರಲೇಬೇಕು. ನಕ್ಷೆಯಲ್ಲಿ ತೋರಿಸಿದ ಜಾಗ ಅಗೆದರೆ ಬರೀ ಜಲ್ಲಿ.

"ನಿಮ್ಮ ಕಾಲದಲ್ಲಿ ನೋಡಿರಲಿಲ್ವಾ ಮೇಸ್ತ್ರಿ?"

"ನಾನು ಆವಾಗ ಪಂಪ್ ಹೌಸಿನಲ್ಲಿದ್ದೆ ಅಮ್ಮಾ. ಆಮೇಲೆ ಎರಡು ಸಲ ರಸ್ತೆ ಎತ್ತರ ಮಾಡಿದ್ರು. ನಮ್ಮ ಗುರುಗಳು, ನಿಮ್ಮ ಯಜಮಾನರು, ಇದ್ದಷ್ಟು ದಿನ ತಲೆಬಿಸಿನೇ ಇರಲಿಲ್ಲ. ಫೋನ್ ಮಾಡಿದ್ರೆ ಚಪ್ಪಲಿ ಮೆಟ್ಕೊಂಡು ಬಂದು, ಕೊಡೆ ತುದಿಯಲ್ಲಿ ಕುಟ್ಟಿ, 'ಇಲ್ಲಿ ಅಗೀರಿ' ಅಂತಿದ್ರು. ಬರ್ಕೋಬೇಕು, ಬರ್ಕೋಬೇಕು ಅಂತ ಇಪ್ಪತ್ತು ವರ್ಷ ಕಳೆದುಬಿಟ್ವಿ." ಮೇಸ್ತ್ರಿ ತಲೆ ತಗ್ಗಿಸಿದರು.

ಎಂಜಿನಿಯರ್ ಹುಡುಗಿ ರಿಜಿಸ್ಟರನ್ನು ಮೇಜಿನ ಮೇಲಿಟ್ಟು ನಡುವೆ ಕಾಗದದ ಚೂರು ಇಟ್ಟಿದ್ದ ಪುಟ ತೆರೆದಳು. "ಅಜ್ಜಿ, ಆ ಪೈಪಿನ ಬಗ್ಗೆ ಇದರಲ್ಲಿ ಒಂದೇ ಒಂದು ಸಾಲಿದೆ. ಇಪ್ಪತ್ತೆಂಟು ವರ್ಷದ ಹಿಂದಿನದು. ಅಜ್ಜ ಹೇಳಿದ್ದನ್ನ ಗುಮಾಸ್ತರು ಬರೆದಿದ್ದಂತೆ. ಓದ್ತೀನಿ, ಕೇಳಿ: 'ಮುನಿಸಿನ ವಾಲ್ವು ಮುಚ್ಚಿ, ಆಸ್ಪತ್ರೆ ರಸ್ತೆಯ ಜಾಯಿಂಟು ಸರಿಪಡಿಸಿ, ಮತ್ತೆ ತೆರೆಯಲಾಯಿತು.' ಈ ಮುನಿಸಿನ ವಾಲ್ವು ಅಂದ್ರೆ ಏನು? ಯಾವುದಾದರೂ ಕಂಪನಿ ಹೆಸರಾ ಅಂತ ನಾನು ಹಳೇ ಕ್ಯಾಟಲಾಗು ಎಲ್ಲ ಹುಡುಕಿದೆ."

ಅಜ್ಜಿ ಹುಡುಗಿಯ ಮುಖ ನೋಡಿದರು. ಪುಟ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಎಂಥ ನಗು ಎಂದರೆ, ಅಡುಗೆಮನೆಯಲ್ಲಿದ್ದ ಮಗಳು ಏನೋ ಆಯಿತೆಂದು ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದಳು. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

"ಅಮ್ಮಾ, ಏನಾಯ್ತು?"

"ನಿಮ್ಮಪ್ಪ ಕಣೇ!" ಅಜ್ಜಿಗೆ ಮಾತು ಹೊರಡುತ್ತಿರಲಿಲ್ಲ. "ನಮ್ಮಿಬ್ಬರ ಮಾತು ತಗೊಂಡು ಹೋಗಿ ಸರ್ಕಾರಿ ಪುಸ್ತಕದಲ್ಲಿ ಬರೆಸಿದಾರೆ! ಅಯ್ಯೋ, ಮೇಸ್ತ್ರಿ, ಆಫೀಸಿನವರಿಗೆಲ್ಲ ಗೊತ್ತಾ ಇದು?"

"ಹೆಸರು ಗೊತ್ತು, ಅರ್ಥ ಗೊತ್ತಿಲ್ಲ," ಎಂದರು ಮೇಸ್ತ್ರಿ. "ಆ ವಾಲ್ವು ಬಿಗಿ ಜಾಸ್ತಿ, ತಿರುಗೋಕೆ ಒಪ್ಪಲ್ಲ, ಅದಕ್ಕೆ ಮುನಿಸು ಅಂತಾರೆ ಅಂದ್ಕೊಂಡಿದ್ವಿ."

ಅಜ್ಜಿ ಕಣ್ಣೊರೆಸಿಕೊಂಡರು. ಹೇಳಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದರು. ಎದುರಿಗಿರುವ ಹುಡುಗಿ ಒದ್ದೆ ಬಟ್ಟೆಯಲ್ಲಿ ಕಾಯುತ್ತ ಕುಳಿತಿದ್ದಳು.

ಮದುವೆಯಾಗಿ ಹನ್ನೆರಡನೇ ದಿನ ಅದು. ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಗಂಡ ಮಾತು ಕೊಟ್ಟಿದ್ದರು. ಅಜ್ಜಿಗೆ ಆಗ ಇಪ್ಪತ್ತು. ಬೆಳಿಗ್ಗೆಯಿಂದ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ತಯಾರಾಗಿದ್ದರು. ಅರ್ಧ ದಾರಿಗೆ ಬಂದಾಗ ಗಂಡ ಗಕ್ಕನೆ ನಿಂತರು. ರಸ್ತೆಯಲ್ಲಿ ಅಂಗೈಯಗಲ ತೇವ ಕಾಣಿಸಿತ್ತು. "ಒಂದೇ ನಿಮಿಷ," ಎಂದವರು, ಹೊಸ ಅಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಯಾರದೋ ಮನೆಯಿಂದ ಗುದ್ದಲಿ ಕೇಳಿ ತಂದು ಗುಂಡಿಗಿಳಿದರು. ಅವರು ಮೇಲೆ ಬಂದಾಗ ಸಿನಿಮಾ ಮುಗಿದು ಜನ ಎದುರಿಗೇ ಬರುತ್ತಿದ್ದರು. ಆ ಜನ ಸಿನಿಮಾದ ಹಾಡು ಬೇರೆ ಗುನುಗುತ್ತಿದ್ದರು.

"ನನಗೆ ಮೈಯೆಲ್ಲ ಉರಿದುಹೋಯ್ತು," ಎಂದರು ಅಜ್ಜಿ. "ವಾಪಸ್ ಬರ್ತಾ ಆಸ್ಪತ್ರೆ ರಸ್ತೆಯಲ್ಲಿ ಒಂದು ಗೋಡೆಗೆ ಒರಗಿ ನಿಂತುಬಿಟ್ಟೆ. ಒಂದು ಹೆಜ್ಜೆನೂ ಮುಂದಿಡಲ್ಲ ಅಂದೆ. ಇವರು ಕರೆದ್ರು. ನಾನು ಮುಖ ತಿರುಗಿಸಿಕೊಂಡೆ. ಇವರೂ ಪಕ್ಕದಲ್ಲೇ ನಿಂತ್ರು. ಕಾಲು ಗಂಟೆ ಆಯ್ತು, ಅರ್ಧ ಗಂಟೆ ಆಯ್ತು. ಮಾತಿಲ್ಲ, ಕತೆಯಿಲ್ಲ. ಆರು ಗಂಟೆ ಆಗುತ್ತಲೇ ಎದುರು ಮನೆ ಹೆಂಗಸು ಕಿಟಕಿಯಿಂದ ಕೂಗಿದ್ಲು: 'ಏನಪ್ಪಾ, ಇವತ್ತು ನೀರು ಬಿಡಲ್ವಾ?' ಇವರು ಮೆಲ್ಲಗೆ ನನ್ನ ಕಡೆ ಗದ್ದ ತೋರಿಸಿದ್ರು. 'ನಾನೇನು ಮಾಡ್ಲಿ ತಾಯಿ, ನನ್ನ ಹೆಂಡತಿ ವಾಲ್ವಿನ ಮುಚ್ಚಳದ ಮೇಲೆ ನಿಂತ್ಕೊಂಡು ಮುನಿಸಿಕೊಂಡಿದಾಳೆ. ಅವಳು ಇಳಿದ್ರೆ ಅರ್ಧ ಊರಿಗೆ ನೀರು!' ಅಂದ್ರು."

ಎಂಜಿನಿಯರ್ ಹುಡುಗಿ ಪಕ್ಕನೆ ನಕ್ಕಳು. ಮಗಳು ಸೌಟು ಹಿಡಿದುಕೊಂಡೇ ಕುಳಿತುಬಿಟ್ಟಿದ್ದಳು. ಅಪ್ಪ ಅಮ್ಮನ ಈ ಕತೆಯನ್ನು ಅವಳೂ ಕೇಳಿರಲಿಲ್ಲ.

"ನೋಡಿದ್ರೆ ನಿಜವಾಗ್ಲೂ ಕಾಲಡಿಯಲ್ಲಿ ಕಬ್ಬಿಣದ ಮುಚ್ಚಳ! ನಾನು ನಾಚಿಕೆಯಿಂದ ಜಿಗಿದೆ. ನಗು ತಡೆಯೋಕಾಗಲಿಲ್ಲ. ಅವತ್ತಿಂದ ಅದು ಮುನಿಸಿನ ವಾಲ್ವು."

"ಅಂದ್ರೆ ಆ ಜಾಗ ನಿಮಗೆ ಗೊತ್ತು!" ಎಂಜಿನಿಯರ್ ಹುಡುಗಿ ಎದ್ದೇಬಿಟ್ಟಳು.

ಅಜ್ಜಿ ಗಲಿಬಿಲಿಗೊಂಡರು. ಜಾಗ? ಆ ಗೋಡೆ ಬಿದ್ದು ಯಾವ ಕಾಲವಾಯಿತೋ. ಪ್ರತಿ ಸಂಜೆ ಗಂಡನ ಜೊತೆ ಅದೇ ರಸ್ತೆಯಲ್ಲಿ ತಿರುಗಾಡಲು ಹೋಗುತ್ತಿದ್ದರೆನ್ನುವುದು ನಿಜ. ಜನ ಎದುರಿಗೆ ನೋಡಿ ನಡೆದರೆ ಅಜ್ಜ ನೆಲ ನೋಡಿ ನಡೆಯುತ್ತಿದ್ದರು, ಮತ್ತು ನಡೆಯುತ್ತ ಪೈಪಿನ ಮಾತೇ ಆಡುತ್ತಿದ್ದರು. ಇಲ್ಲಿಂದ ಆರಿಂಚು, ಅಲ್ಲಿಂದ ನಾಲ್ಕಿಂಚು, ಈ ತಿರುವಿನಲ್ಲಿ ಮಣ್ಣು ಸಡಿಲ. ಅಜ್ಜಿ ಹೂಂ ಹೂಂ ಎನ್ನುತ್ತ ನಾಳೆಯ ಅಡುಗೆಯ ಯೋಚನೆ ಮಾಡುತ್ತಿದ್ದರು. "ನಾನು ಯಾವುದನ್ನೂ ಸರಿಯಾಗಿ ಕಿವಿಗೆ ಹಾಕ್ಕೊಂಡೇ ಇಲ್ಲ ಕಣಮ್ಮಾ," ಎಂದರು ಈಗ, ತಪ್ಪು ಮಾಡಿದವರ ಹಾಗೆ.

"ಬಂದು ನೋಡಿ ಅಜ್ಜಿ. ಅಷ್ಟೇ ಸಾಕು."

"ಅಮ್ಮನ ಮಂಡಿ ನೋವು..." ಎಂದು ಮಗಳು ರಾಗ ಎಳೆದಳು. ಅಜ್ಜ ಹೋದ ಮೇಲೆ ಅಜ್ಜಿ ಸಂಜೆ ಹೊತ್ತು ಹೊಸಿಲು ದಾಟಿರಲಿಲ್ಲ. ಕರೆದಾಗಲೆಲ್ಲ ಮಂಡಿಯ ನೆಪ. ಆದರೆ ಈಗ ಮಗಳು ಮಾತು ಮುಗಿಸುವಷ್ಟರಲ್ಲಿ ಅಜ್ಜಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಆಸ್ಪತ್ರೆಯ ರಸ್ತೆ ಕೆರೆಯಾಗಿತ್ತು. ಅಂಗಡಿಯವರು ಬಾಗಿಲಿಗೆ ಮರಳಿನ ಚೀಲ ಒಡ್ಡಿ, ಸಾಮಾನು ಎತ್ತರದಲ್ಲಿಟ್ಟು, ಇಲಾಖೆಯವರಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ಅಜ್ಜಿಯನ್ನು ನೋಡಿ ಔಷಧಿ ಅಂಗಡಿಯವನು, "ನಲ್ಲಿ ಮಾಮ ಇದ್ದಿದ್ರೆ ಹೀಗಾಗ್ತಿತ್ತಾ?" ಎಂದ. ಅಜ್ಜಿಗೆ ಆ ಗಡಿಬಿಡಿಯಲ್ಲೂ ಒಳಗೊಳಗೇ ಹೆಮ್ಮೆಯಾಯಿತು. ಮಗಳ ತೋಳು ಹಿಡಿದು ನೀರಿಲ್ಲದ ಬದಿಯಲ್ಲಿ ನಿಧಾನವಾಗಿ ನಡೆದರು. ಒಂದು ಮೆಟ್ಟಿಲ ಹತ್ತಿರ ನಿಂತು, "ಇಲ್ಲೇ ಅನ್ಸುತ್ತೆ. ಕಲ್ಲಿನ ಮೆಟ್ಟಿಲಿತ್ತು," ಎಂದರು.

ಮೇಸ್ತ್ರಿಯ ಆಳುಗಳು ಅಗೆದರು. ಮೊಣಕಾಲುದ್ದ ಹೋಯಿತು, ಸೊಂಟದುದ್ದ ಹೋಯಿತು. ಕಬ್ಬಿಣದ ಸುಳಿವಿಲ್ಲ.

ಅಜ್ಜಿ ಹಣೆ ಬಡಿದುಕೊಂಡರು. "ಅಯ್ಯೋ, ಇದು ಬೇರೆ ಮುನಿಸು! ಇದು ನಮ್ಮತ್ತಿಗೆ ಮನೆಗೆ ಹೋಗಿ ಬರುವಾಗ ಆಗಿದ್ದು."

"ಒಟ್ಟು ಎಷ್ಟು ಮುನಿಸುಗಳಿವೆ ಅಜ್ಜಿ?" ಎಂದು ಎಂಜಿನಿಯರ್ ಹುಡುಗಿ ಹಣೆಯ ಕೆಸರೊರೆಸಿಕೊಂಡು ಕೇಳಿದಳು.

"ಐವತ್ತಾರು ವರ್ಷದ್ದು ಯಾರಮ್ಮ ಎಣಿಸಿಡ್ತಾರೆ?"

ಗುಂಡಿಯಲ್ಲಿದ್ದವರೂ ನಕ್ಕರು. ಆದರೆ ಅಜ್ಜಿ ನಗಲಿಲ್ಲ. ಇವರ ಹೊತ್ತು ಹಾಳು ಮಾಡಿದೆನಲ್ಲ ಎಂದು ಮನಸ್ಸು ಚುರುಕ್ಕೆಂದಿತು. ಅವರು ರಸ್ತೆಗೆ ಬೆನ್ನು ಹಾಕಿ ನಿಂತರು. ಆ ದಿನ ಗಂಡನ ಕಡೆ ನೋಡಬಾರದೆಂದು ಮುಖ ತಿರುಗಿಸಿದ್ದಾಯಿತು. ಹಾಗಾದರೆ ಅಷ್ಟು ಹೊತ್ತು ತಾನು ನೋಡಿದ್ದಾದರೂ ಏನನ್ನು?

ಮತ್ತೆ ರಸ್ತೆಯ ಕಡೆ ತಿರುಗಿ ತಲೆ ಎತ್ತಿದರು. ಎದುರು ಸಾಲಿನಲ್ಲಿ ಹಳೆಯ ಮುದ್ರಣಾಲಯದ ಕಟ್ಟಡವಿತ್ತು. ಕೆಳಗೆ ಈಗ ಫೋನಿನ ಅಂಗಡಿ, ಬಣ್ಣ ಬಣ್ಣದ ಬೋರ್ಡು. ಮೇಲೆ ಮಾತ್ರ ಅದೇ ದುಂಡು ಕಿಟಕಿ. ಕಟ್ಟಡದ ಹಿಂದೆ, ದೂರದ ಗುಡ್ಡದ ಮೇಲೆ, ಊರಿನ ಹಳೆಯ ನೀರಿನ ಟ್ಯಾಂಕು.

"ಟೊಪ್ಪಿ," ಎಂದರು ಅಜ್ಜಿ.

"ಏನಮ್ಮಾ?"

"ಆ ಕಿಟಕಿ ದುಂಡಗೆ ಮುಖದ ಹಾಗಿತ್ತು. ಟ್ಯಾಂಕು ಅದರ ಮೇಲೆ ಟೊಪ್ಪಿ ಇಟ್ಟ ಹಾಗೆ ಕಾಣ್ತಿತ್ತು. ನಾನು ಕೋಪದಲ್ಲಿ ಅದನ್ನೇ ದಿಟ್ಟಿಸ್ತಾ ನಿಂತಿದ್ದೆ. ನಗು ಬರ್ತಿತ್ತು, ಆದರೆ ನಗಬಾರದು ಅಂತ ಹಟ. ಟೊಪ್ಪಿ ಸರಿಯಾಗಿ ನೆತ್ತಿ ಮೇಲೇ ಇತ್ತು ಕಣೇ, ಓರೆ ಇರಲಿಲ್ಲ."

ಎಂಜಿನಿಯರ್ ಹುಡುಗಿಗೆ ತಟ್ಟನೆ ಹೊಳೆಯಿತು. ಕಿಟಕಿಯೂ ಅಲ್ಲೇ ಇದೆ, ಟ್ಯಾಂಕೂ ಅಲ್ಲೇ ಇದೆ. ಎರಡೂ ಒಂದೇ ಗೆರೆಯಲ್ಲಿ ಕಾಣುವುದು ಈ ಬದಿಯಲ್ಲಿ ಒಂದೇ ಜಾಗದಿಂದ. "ನಿಧಾನವಾಗಿ ನಡೀರಿ ಅಜ್ಜಿ," ಎಂದಳು. "ಟೊಪ್ಪಿ ಸರಿಯಾಗಿ ಕೂತ ಕೂಡಲೇ ನಿಂತುಬಿಡಿ."

ಅಜ್ಜಿ ಕಿಟಕಿಯ ಮೇಲಿನ ಕಣ್ಣು ತೆಗೆಯದೆ ಒಂದೊಂದೇ ಹೆಜ್ಜೆ ಇಟ್ಟರು. ಮಗಳು ಮುಂದೆ ಹೋಗಿ ಅಡ್ಡ ಬಂದವರನ್ನು ಸರಿಸಿದಳು. ಟ್ಯಾಂಕು ಕಿಟಕಿಯ ಎಡಕ್ಕಿತ್ತು, ಕಿವಿಯ ಮೇಲೆ ಬಂತು, ಹಣೆಯ ಮೇಲೆ ಬಂತು. ದರ್ಜಿ ಅಂಗಡಿ ದಾಟಿತು, ಹಣ್ಣಿನ ಗಾಡಿ ದಾಟಿತು. ಹೂವಿನ ಕುಂಡವೊಂದರ ಹತ್ತಿರ ಅಜ್ಜಿ ನಿಂತರು. ಅರ್ಧ ಹೆಜ್ಜೆ ಹಿಂದೆ ಸರಿದರು.

"ಕೂತ್ಕೊಂಡ್ತು," ಎಂದರು.

ಮೇಸ್ತ್ರಿ ಕುಂಡ ಸರಿಸಿ, ಗುದ್ದಲಿಯನ್ನು ತಾವೇ ತೆಗೆದುಕೊಂಡರು. ಡಾಂಬರು ಒಡೆಯಿತು, ಜಲ್ಲಿ ಬಂತು, ಕೆಂಪು ಮಣ್ಣು ಬಂತು. ಎರಡಡಿ ಆಳದಲ್ಲಿ ಗುದ್ದಲಿ ಠಣ್ಣೆಂದಿತು. ಆ ಸದ್ದಿಗೆ ರಸ್ತೆಯ ಆ ತುದಿಯವರೂ ತಿರುಗಿ ನೋಡಿದರು. ಕೈಯಿಂದಲೇ ಮಣ್ಣು ಬಾಚಿದಾಗ, ತುಕ್ಕು ಹಿಡಿದ ದುಂಡು ಮುಚ್ಚಳ ಕಂಡಿತು.

ಅಜ್ಜಿ ಬಗ್ಗಿ ನೋಡಿದರು. ಅದರ ಮೇಲೆ ನಿಂತದ್ದು ಐವತ್ತಾರು ವರ್ಷದ ಹಿಂದೆ. ಇಷ್ಟು ಚಿಕ್ಕದಿತ್ತೇ ಇದು ಎನ್ನಿಸಿತು.

ಮೇಸ್ತ್ರಿ ಉದ್ದ ಹಿಡಿಯ ಪಾನಾ ಇಳಿಸಿ, ಅದಕ್ಕೆ ತಮ್ಮ ಭಾರ ಕೊಟ್ಟರು. ಮೊದಲು ಅಲುಗಲಿಲ್ಲ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಹಾಕಿದರು. ಕಿರ್ರೆಂದಿತು. ಎಂಜಿನಿಯರ್ ಹುಡುಗಿ ಅವಸರದಿಂದ, "ಬೇಗ ತಿರುಗಿಸಿ, ಮೇಸ್ತ್ರಿ!" ಎಂದಳು.

"ಬೇಡ ಬೇಡ!" ಎಂದದ್ದು ಅಜ್ಜಿ. ಎಲ್ಲರೂ ಅವರ ಕಡೆ ತಿರುಗಿದರು. "ಗಬಕ್ಕನೆ ಮುಚ್ಚಿದ್ರೆ ಓಡಿ ಬರ್ತಿರೋ ನೀರು ಹಿಂದಕ್ಕೆ ಒದೆಯುತ್ತೆ, ಇನ್ನೊಂದು ಕಡೆ ಒಡೆಯುತ್ತೆ. ಎರಡು ಸುತ್ತು ಹಾಕಿ, ಉಸಿರು ಬಿಟ್ಟು, ಮತ್ತೆ ಎರಡು. ಒಟ್ಟು ಇಪ್ಪತ್ತಾರು ಇರಬೇಕು. ಕೊನೇದು ಬರೀ ಕೈಬಲದಲ್ಲಿ."

ತಮ್ಮ ಬಾಯಿಂದ ಬಂದದ್ದನ್ನು ಕೇಳಿ ಅಜ್ಜಿಗೇ ಆಶ್ಚರ್ಯವಾಯಿತು. ಹೂಂ ಹೂಂ ಎಂದು ತಳ್ಳಿದ್ದೆಲ್ಲ ಎಲ್ಲಿ ಹೋಗಿ ಕೂತಿತ್ತು ಹಾಗಾದರೆ? ಮೇಸ್ತ್ರಿ ಕಣ್ಣರಳಿಸಿ, "ಥೇಟ್ ಗುರುಗಳೇ ಹೇಳಿದ ಹಾಗಿದೆ!" ಎಂದರು. ಅಜ್ಜಿ ಹೇಳಿದಂತೆಯೇ ಎಣಿಸಿ ತಿರುಗಿಸಿದರು. ಹತ್ತಾಯಿತು, ಹದಿನೆಂಟಾಯಿತು. ನಾಲ್ಕು ರಸ್ತೆಯಲ್ಲಿ ಚಿಮ್ಮುತ್ತಿದ್ದ ನೀರು ಸೊಂಟದೆತ್ತರಕ್ಕೆ ಇಳಿಯಿತು, ಮೊಣಕಾಲಿಗೆ ಇಳಿಯಿತು, ಇಪ್ಪತ್ತಾರಕ್ಕೆ ಗುಳಗುಳ ಎಂದು ನಿಂತೇಹೋಯಿತು. ಬೈಯುತ್ತಿದ್ದ ಅಂಗಡಿಯವರೇ ಚಪ್ಪಾಳೆ ತಟ್ಟಿದರು. ಆಸ್ಪತ್ರೆಯ ನಲ್ಲಿಯಲ್ಲಿ ನೀರು ಬರುತ್ತಿದೆಯೆಂದು ಐದು ನಿಮಿಷದಲ್ಲಿ ಫೋನ್ ಬಂತು.

ಮಾರನೆಯ ದಿನ ಸಂಜೆ ಎಂಜಿನಿಯರ್ ಹುಡುಗಿ ಮತ್ತೆ ಬಂದಳು. ಈ ಸಲ ಬಟ್ಟೆ ಒಣಗಿತ್ತು. ರಿಜಿಸ್ಟರು ತಿರುವಿ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದಳು.

"ಅಜ್ಜಿ, ಇದರಲ್ಲಿ 'ಹಲ್ಲಿನ ವಾಲ್ವು' ಅಂತಿದೆ. 'ಚಪ್ಪಲಿ ವಾಲ್ವು' ಇದೆ. 'ಸುಳ್ಳಿನ ವಾಲ್ವು' ಇದೆ. ಇಂಥವು ಹತ್ತೊಂಬತ್ತಿವೆ. ನಕ್ಷೆಯಲ್ಲಿ ಒಂದೂ ಇಲ್ಲ."

"ಸುಳ್ಳಿನ ವಾಲ್ವಾ! ಅದನ್ನೂ ಬರೆಸಿದಾರಾ?" ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದರು. "ನಡಿ, ತೋರಿಸ್ತೀನಿ."

ಹಾಗೆ ಶುರುವಾಯಿತು. ದಿನಾ ಸಂಜೆ ಐದೂವರೆಗೆ ಹುಡುಗಿ ಬರುತ್ತಿದ್ದಳು, ಜೊತೆಗೆ ಮೇಸ್ತ್ರಿ ಬಿಳಿ ಬಣ್ಣದ ಡಬ್ಬಿ ಹಿಡಿದು. ಅಜ್ಜಿ ನಡುವೆ, ಮಗಳು ಪಕ್ಕದಲ್ಲಿ. ಮಂಡಿಯ ಮಾತನ್ನು ಅಜ್ಜಿ ಎತ್ತಲೇ ಇಲ್ಲ. ಹಲ್ಲಿನ ವಾಲ್ವು ಗ್ರಂಥಾಲಯದ ಮೂಲೆಯಲ್ಲಿತ್ತು. ಮಗಳ ಮೊದಲ ಹಾಲುಹಲ್ಲು ಅಲ್ಲಿ ಉದುರಿ, ಅಜ್ಜ ಅದನ್ನು ಹುಡುಕಲು ಹೋಗಿ ಮುಚ್ಚಳ ಪತ್ತೆ ಮಾಡಿದ್ದರಂತೆ. ಚಪ್ಪಲಿ ವಾಲ್ವಿನ ಹತ್ತಿರ ಅಜ್ಜಿಯ ಚಪ್ಪಲಿ ಕಿತ್ತುಹೋಗಿ, ಅಜ್ಜ ತಮ್ಮ ದೊಡ್ಡ ಚಪ್ಪಲಿ ಕೊಟ್ಟು ಮನೆಯವರೆಗೆ ಬರಿಗಾಲಲ್ಲಿ ನಡೆದಿದ್ದರು. ಸುಳ್ಳಿನ ವಾಲ್ವು ಮಗಳಿಗೆ ಸಂಬಂಧಿಸಿದ್ದೆಂದು ಅಜ್ಜಿಗೆ ಗೊತ್ತಾದದ್ದು ಅಲ್ಲಿಗೆ ಹೋದಾಗ ಮಗಳೇ ಬಾಯಿಬಿಟ್ಟ ಮೇಲೆ. ಶಾಲೆ ತಪ್ಪಿಸಿ ಗೆಳತಿಯರ ಜೊತೆ ಐಸ್‌ಕ್ರೀಮ್ ತಿನ್ನುತ್ತಿದ್ದವಳು ಗುಂಡಿಯಿಂದ ತಲೆ ಎತ್ತಿದ ಅಪ್ಪನ ಕಣ್ಣಿಗೇ ಬಿದ್ದಿದ್ದಳು.

"ಅಪ್ಪ ಇದನ್ನ ನಿನಗೆ ಮೊದಲೇ ಹೇಳಿದ್ರಾ?" ಮಗಳು ಐವತ್ತರ ಹೊಸ್ತಿಲಲ್ಲಿದ್ದರೂ ಕೆಂಪಾದಳು. "ಹೇಳಲ್ಲ ಅಂತ ಆಣೆ ಇಟ್ಟಿದ್ರು!"

"ಹೇಳಲಿಲ್ಲವಪ್ಪ. 'ಇದು ಸುಳ್ಳಿನ ವಾಲ್ವು, ಯಾಕೆ ಅಂತ ಮಾತ್ರ ಕೇಳಬೇಡ' ಅಂದ್ರು. ಇಷ್ಟು ವರ್ಷ ಇವರೇ ಏನೋ ಸುಳ್ಳು ಹೇಳಿದಾರೆ ಅಂತ ಅನುಮಾನ ಇಟ್ಕೊಂಡಿದ್ದೆ. ಪಾಪ!"

ಈ ಕತೆಗಳೆಲ್ಲ ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದವು. ಅಳಿಯ ಬಸ್ ಡಿಪೋದಲ್ಲಿ ಟೈಮ್‌ಕೀಪರು, ಮಾತು ಕಡಿಮೆ. ಎಲ್ಲ ಕೇಳಿಸಿಕೊಂಡು ಒಂದು ದಿನ ಗಂಟಲು ಸರಿಮಾಡಿಕೊಂಡು, "ಎಲ್ಲರದ್ದೂ ಆಯ್ತು. ನನ್ನ ಹೆಸರಿನಲ್ಲಿ ಏನೂ ಇಲ್ವಾ ಅತ್ತೆ?" ಎಂದ.

"ಇದೆ, ಇದೆ," ಎಂದರು ಅಜ್ಜಿ. "ನಾಳೆ ನೀವೂ ಬನ್ನಿ."

ಅಳಿಯನ ವಾಲ್ವು ಡಿಪೋದ ಗೇಟಿನ ಎದುರಿಗೇ ಇತ್ತು. ದಿನಾ ಅದರ ಮೇಲೇ ನಡೆದು ಕೆಲಸಕ್ಕೆ ಹೋಗುತ್ತಿದ್ದ ಅಳಿಯ ಹುಬ್ಬು ಗಂಟಿಕ್ಕಿದ. "ಇದಕ್ಕೂ ನನಗೂ ಏನು ಸಂಬಂಧ?"

"ನಿಮ್ಮ ಸಂಬಂಧ ಬಂದಾಗ ನಮ್ಮ ಯಜಮಾನರು, ಹುಡುಗ ಹೇಗೆ ಅಂತ ನಾನೇ ನೋಡ್ತೀನಿ ಅಂದ್ರು. ಇಲ್ಲಿ ಏನೂ ಕೆಟ್ಟಿರಲಿಲ್ಲ. ಸುಮ್ಮನೆ ಗುಂಡಿ ತೋಡಿ, ಅದರೊಳಗೆ ಕೂತು, ಮೂರು ದಿನ ನಿಮ್ಮನ್ನ ನೋಡಿದ್ರು."

ಅಳಿಯ ಬಾಯಿ ತೆರೆದವನು ಮುಚ್ಚಲಿಲ್ಲ. "ತಡೀರಿ, ತಡೀರಿ. ಮುಖಕ್ಕೆಲ್ಲ ಕೆಸರು ಮೆತ್ಕೊಂಡು, ತಲೆಗೆ ಟವೆಲ್ ಸುತ್ಕೊಂಡು ಒಬ್ಬರು ಕೂತಿದ್ರು. ಬಿಸಿಲು ಕಂಡಾಪಟ್ಟೆ ಇತ್ತು. ನಾನು ಅವರಿಗೆ ಚಹಾ ತಂದು ಕೊಟ್ಟಿದ್ದೆ! ಅದು ಮಾವನವರಾ?"

"ಅವತ್ತು ಸಂಜೆ ಮನೆಗೆ ಬಂದು, 'ನೋಡು, ಮೊದಲ ದಿನ ಸಕ್ಕರೆ ಕಮ್ಮಿ ಅಂದೆ. ಎರಡನೇ ದಿನ ನೆನಪಿಟ್ಟು ಸಕ್ಕರೆ ಹಾಕಿಸಿ ತಂದ. ಇವನಿಗೇ ಕೊಡೋಣ' ಅಂದ್ರು."

ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಳಿಯ ನಗಲಿಲ್ಲ. ಕೈಕಟ್ಟಿಕೊಂಡು ಆ ಮುಚ್ಚಳವನ್ನೇ ಬಹಳ ಹೊತ್ತು ನೋಡಿದ. ಮೇಸ್ತ್ರಿಯಿಂದ ಬ್ರಷ್ ಕೇಳಿ ತೆಗೆದುಕೊಂಡು, ಕೂತು, ಅದರ ಸುತ್ತ ಬಿಳಿ ಗೆರೆಯನ್ನು ತಾನೇ ಬಳಿದ. ಎರಡು ಸಲ ಬಳಿದ.

ಪಟ್ಟಿಯ ಹತ್ತೊಂಬತ್ತರಲ್ಲಿ ಹದಿನೆಂಟು ಸಿಕ್ಕವು. ಉಳಿದದ್ದು 'ನಿದ್ದೆಯ ವಾಲ್ವು'. ಅಜ್ಜಿ ತಲೆ ಕೆರೆದುಕೊಂಡರು. ಹಗಲು ಯೋಚಿಸಿದರು, ಅಡುಗೆ ಮಾಡುತ್ತ ಯೋಚಿಸಿದರು. ಗಂಡ ಕೆಲಸದಲ್ಲಿ ನಿದ್ದೆ ಮಾಡಿದವರೇ ಅಲ್ಲ. "ಇದು ನನಗೆ ಹೇಳಿದ್ದಲ್ಲ," ಎಂದು ಕೊನೆಗೆ ಎಂಜಿನಿಯರ್ ಹುಡುಗಿಯ ಮುಂದೆ ಸೋಲೊಪ್ಪಿಕೊಂಡರು. ಹೇಳದೆ ಉಳಿಸಿಕೊಂಡದ್ದು ಇನ್ನೂ ಒಂದಿದೆಯಲ್ಲ ಎಂದು ಸಣ್ಣಗೆ ಬೇಸರವೂ ಆಗಿತ್ತು.

ಆಗ ಮಗಳು, "ಅದು ನನಗೆ ಗೊತ್ತು ಅನ್ಸುತ್ತೆ," ಎಂದಳು.

ಅವಳು ಎಲ್ಲರನ್ನೂ ಹಳೆಯ ಮರದ ಮಂಡಿಯ ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ಓಣಿಯ ಕೊನೆಯಲ್ಲಿ ಕಲ್ಲಿನ ಕಟ್ಟೆಯೊಂದಿತ್ತು. ಅದರ ಬುಡದ ಕಸ ಸರಿಸಿದಾಗ ಮುಚ್ಚಳ ಸಿಕ್ಕಿತು; ಅಗೆಯುವ ಅಗತ್ಯವೇ ಬೀಳಲಿಲ್ಲ. ಮೇಸ್ತ್ರಿ ಬಣ್ಣ ಬಳಿದರು, ಎಂಜಿನಿಯರ್ ಹುಡುಗಿ ಅಳತೆ ಬರೆದುಕೊಂಡಳು; ಪಟ್ಟಿ ಮುಗಿಯಿತೆಂದು ಹೇಳಿ ಇಬ್ಬರೂ ಹೋದರು. ಅಮ್ಮ ಮಗಳು ಕಟ್ಟೆಯ ಮೇಲೆ ಕುಳಿತರು.

"ನೀನು ಆಸ್ಪತ್ರೆಯಲ್ಲಿದ್ದೆಯಲ್ಲ ಅಮ್ಮಾ, ನನಗೆ ಐದು ವರ್ಷ ಇದ್ದಾಗ," ಎಂದಳು ಮಗಳು.

ಎರಡನೆಯ ಮಗು ಉಳಿಯದೆ ಹೋದ ವರ್ಷ ಅದು. ಇಪ್ಪತ್ತು ದಿನ ಅಜ್ಜಿ ಆಸ್ಪತ್ರೆಯಲ್ಲಿದ್ದರು. ಮನೆ ಹೇಗೆ ನಡೆಯಿತು ಎಂದು ಆಮೇಲೆ ಕೇಳಿದ್ದಕ್ಕೆ ಗಂಡ "ನಡೀತು" ಎಂದಷ್ಟೇ ಹೇಳಿದ್ದರು.

"ನನಗೆ ನಿದ್ದೆನೇ ಬರ್ತಿರಲಿಲ್ಲ. ನೀನು ಬೇಕು ಅಂತ ಅಳ್ತಿದ್ದೆ. ಅಪ್ಪ ಬೆಳಗಿನ ಜಾವ ನೀರು ಬಿಡೋಕೆ ಹೋಗ್ಬೇಕು, ನನ್ನ ಎಲ್ಲಿ ಬಿಡ್ತಾರೆ? ಕಂಬಳಿಯಲ್ಲಿ ಸುತ್ತಿ ಹೆಗಲ ಮೇಲೆ ಹಾಕ್ಕೊಂಡು ಬರ್ತಿದ್ರು. ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ಪಾನಾ. ಎಲ್ಲ ವಾಲ್ವು ತಿರುಗಿಸಿ ಇಲ್ಲಿಗೆ ಬರೋ ಹೊತ್ತಿಗೆ ನೀರು ಪೈಪಿನೊಳಗೆ ಸುಯ್ ಅಂತ ಹೋಗೋ ಸದ್ದು ಕೇಳ್ತಿತ್ತು. 'ಕಿವಿ ಕೊಡು, ಇದು ಅಮ್ಮ ಇರೋ ಕಡೆಗೇ ಹೋಗ್ತಿದೆ' ಅಂತಿದ್ರು. ಅಷ್ಟು ಕೇಳಿ ನಾನು ನಿದ್ದೆ ಹೋಗ್ತಿದ್ನಂತೆ. ಎಬ್ಬಿಸಬಾರದು ಅಂತ, ಬೆಳಕಾಗೋವರೆಗೂ ಅಪ್ಪ ಈ ಕಟ್ಟೆ ಮೇಲೆ ಹಾಗೇ ಕೂತಿರ್ತಿದ್ರು."

ಅಜ್ಜಿ ಕೈಯಿಂದ ಕಟ್ಟೆಯ ಕಲ್ಲನ್ನು ಸವರಿದರು. ಕಣ್ಣು ತುಂಬಿತ್ತು, ಆದರೆ ಅಳು ಬರಲಿಲ್ಲ. ಆ ಇಪ್ಪತ್ತು ದಿನಗಳನ್ನು ಅವರು ಯಾವಾಗಲೂ ಆಸ್ಪತ್ರೆಯ ಮಂಚದಿಂದಲೇ ನೆನೆದಿದ್ದರು, ಒಬ್ಬಂಟಿಯಾಗಿ. ಅದೇ ಹೊತ್ತಿಗೆ ಇಲ್ಲಿ, ಈ ಕಲ್ಲಿನ ಮೇಲೆ, ಉದ್ದ ಕಾಲಿನ ಆ ಮನುಷ್ಯ ಕಂಬಳಿಯ ಗಂಟನ್ನು ಎದೆಗವಚಿಕೊಂಡು ಅಲುಗಾಡದೆ ಕೂತಿದ್ದರು.

"ನನಗೆ ಒಂದು ಮಾತೂ ಹೇಳಲಿಲ್ಲ ನೋಡು," ಎಂದರು.

"ನಿನಗೆ ಆ ದಿನಗಳನ್ನ ನೆನಪಿಸೋದು ಬೇಡ ಅಂತ ಇರಬೇಕು."

"ಪೈಪಿನ ಬಗ್ಗೆ ಒಂದೂ ಬಿಡದೆ ಹೇಳ್ತಿದ್ರು. ಇದನ್ನ ಮಾತ್ರ ನುಂಗ್ಕೊಂಡ್ರು." ಅಜ್ಜಿ ಮಗಳ ಕಡೆ ತಿರುಗಿ ಕುಳಿತರು. "ಆಮೇಲೆ? ಬೆಳಕಾದ ಮೇಲೆ ಏನು ಮಾಡ್ತಿದ್ರಿ? ನಿನಗೆ ಜಡೆ ಹಾಕಿದ್ದು ಯಾರು?"

"ಅಪ್ಪನೇ! ಅದೊಂದು ದೊಡ್ಡ ಕತೆ. ಒಂದು ಜಡೆ ಕಿವಿ ಮೇಲೆ, ಇನ್ನೊಂದು ಕುತ್ತಿಗೆ ಹತ್ತಿರ. ಪೈಪಿಗೆ ಸುತ್ತೋ ಸೆಣಬಿನ ಹುರಿಯಲ್ಲಿ ಕಟ್ಟಿಬಿಟ್ಟಿದ್ರು. ಟೀಚರಿಗೆ ಬಿಚ್ಚೋಕೇ ಬರಲಿಲ್ಲ, ಕತ್ತರಿ ತರಿಸಿದ್ರು."

ಅಜ್ಜಿ ಜೋರಾಗಿ ನಕ್ಕರು. "ಅದಕ್ಕೇ! ನಾನು ಮನೆಗೆ ಬಂದಾಗ ನಿನ್ನ ಕೂದಲು ಮೋಟಾಗಿತ್ತು. ಕೇಳಿದ್ರೆ ಸೆಕೆ ಅಂತ ಕತ್ತರಿಸಿದ್ದು ಅಂದ್ರು!"

"ಸೆಕೆಯಾ? ಆಗ ಚಳಿಗಾಲ ಅಮ್ಮಾ."

ಇಬ್ಬರೂ ಕಟ್ಟೆಯಿಂದೆದ್ದರು. ಓಣಿಯಲ್ಲಿ ಯಾರೋ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಸಂಜೆಯ ನೀರು ಬಂದಿತ್ತು. ಅಜ್ಜಿ ಮಗಳ ತೋಳಿಗೆ ಕೈ ಹಾಕಿಕೊಂಡು, ದಾರಿ ಸುತ್ತಾದರೂ ಪರವಾಗಿಲ್ಲವೆಂದು ದೊಡ್ಡ ರಸ್ತೆಯ ಕಡೆಗೇ ತಿರುಗಿದರು. "ಊಟಕ್ಕೇನು ಮಾಡ್ತಿದ್ರು?" ಎಂದು ಕೇಳಿದರು. ಮಗಳು ಹೇಳತೊಡಗಿದಳು. ಅಜ್ಜಿ ಈ ಸಲ ಒಂದು ಮಾತೂ ತಪ್ಪಿಹೋಗದ ಹಾಗೆ ಕಿವಿಗೊಟ್ಟು ಕೇಳುತ್ತ, ನಡುನಡುವೆ ನಗುತ್ತ ನಡೆದರು.